ಬೀಸುವ ಹಾಡು ಲಿಥುವೇನಿಯಾಕ್ಕೆ ಹೋಗಿ ಬಂದದ್ದು

ರಂಗಂಪೇಟೆ

ಸುದ್ದಿ ಬಂದಾಗ ನಾನು ಹಿತ್ತಲಿನಲ್ಲಿ ಯಜಮಾನರ ಅಂಗಿ ಒಗೆಯುತ್ತಿದ್ದೆ. ಅವರದು ಕಾಳುಕಡಿ ಅಂಗಡಿ. ಕೊರಳಪಟ್ಟಿಯಲ್ಲಿ ತೊಗರಿಯ ಧೂಳು ಕೂತರೆ ಮೂರು ಸಲ ತಿಕ್ಕದೆ ಬಿಡುವುದಿಲ್ಲ. ಎರಡನೆಯ ಸಲ ತಿಕ್ಕುತ್ತಿದ್ದಾಗ ಶಹಾಪುರದ ಶಕುಂತಲಾ ಹಿತ್ತಲ ಬಾಗಿಲಿನಿಂದಲೇ ಒಳಗೆ ಬಂದಳು. ಕಾಲೇಜಿನಲ್ಲಿ ಕನ್ನಡ ಕಲಿಸುವ ಹುಡುಗಿ; ಹೆಂಗಸರ ಹಾಡು ಹುಡುಕಿ ಬರೆದಿಡುವುದು ಅವಳ ಹುಚ್ಚು. ಎರಡು ವರ್ಷದ ಹಿಂದೆ ನಮ್ಮ ಅತ್ತೆಯ ಹಾಡು ಬರೆದುಕೊಂಡು ಹೋದಂದಿನಿಂದ ನಮ್ಮ ಮನೆಯವಳೇ ಆಗಿದ್ದಾಳೆ.

"ಅಕ್ಕಾರ, ಪಾಸ್‌ಪೋರ್ಟ್ ಮಾಡಿಸ್ರಿ," ಅಂದಳು.

"ಯಾರಿಗಿ?"

"ನಿಮಗರಿ. ಲಿಥುವೇನಿಯಾ ಅಂತ ದೇಶ ಐತಿ. ಅಲ್ಲಿ ಹೆಣ್ಣಮಕ್ಕಳು ಕೆಲಸ ಮಾಡ್ತ ಹಾಡೂ ಹಾಡಿಂದು ಒಂದು ಕೂಟ ಮಾಡಾಕತ್ತಾರ. ಟಿಕೀಟ ಅವರ ಕಳಸ್ತಾರ."

"ಅಷ್ಟು ದೂರ ಹೋಗಿ ಹಾಡೂವಂಥಾದ್ದು ನನ್ನ ಬಾಯಾಗ ಏನೈತಿ ತಂಗಿ?"

"ನಿಮ್ಮತ್ತಿ ಹಾಡು ಐತಲ್ಲರಿ. ಪೂರಾ ಹಾಡಬೇಕು. ನಿಮ್ಮ ನುಡಿನೂ ಕೂಡಿಸಿ."

ಕೈಯಲ್ಲಿದ್ದ ಸಾಬೂನು ಜಾರಿ ಮೋರಿಗೆ ಹೋಯಿತು.

ಆ ನುಡಿಯ ವಿಷಯ ಹೇಳಬೇಕು. ನಮ್ಮ ಮನೆಗೆ ಸೊಸೆಯಾಗಿ ಬಂದವಳು ಬೀಸುಕಲ್ಲಿನ ಗೂಟ ಹಿಡಿಯುತ್ತಿದ್ದಳು, ಎದುರಿಗೆ ಕೂತ ಅತ್ತೆ ಹಾಡು ಎತ್ತುತ್ತಿದ್ದಳು. ಹಾಡು ಎಷ್ಟು ತಲೆಮಾರಿನದೋ ಶಿವನೇ ಬಲ್ಲ. ಅದಕ್ಕೊಂದು ಕಟ್ಟಳೆ ಇತ್ತು. ಹಾಡು ಕಲಿತ ಸೊಸೆ ತನ್ನದೊಂದು ಮೂರು ಸಾಲಿನ ನುಡಿ ಕಟ್ಟಿ ಕೊನೆಗೆ ಸೇರಿಸಬೇಕು. ದೇವರ ಮೇಲೆಯೇ ಆಗಬೇಕೆಂದಿಲ್ಲ, ತನ್ನ ಕಾಲದ ಮಾತಾಗಿದ್ದರೆ ಸಾಕು.

ನನ್ನ ಅತ್ತೆಯ ಅತ್ತೆ ನಿಜಾಮರ ಆಳ್ವಿಕೆಯಲ್ಲಿ ಬಾಳಿದವರು. ಮಗನನ್ನು ಶಾಲೆಗೆ ಹಾಕಿದರೆ ಅಲ್ಲಿ ಉರ್ದು. ಅವರ ತಂದೆ ಮಠದಲ್ಲಿ ಪುರಾಣ ಓದುತ್ತಿದ್ದವರಾದ್ದರಿಂದ ಅವರಿಗೆ ಕನ್ನಡ ಅಕ್ಷರ ಬರುತ್ತಿತ್ತು. ಬೀಸುವಾಗ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಹರವಿ, ಅದರಲ್ಲಿ ಬೆರಳಿನಿಂದ ಬರೆದು ಮಗನಿಗೆ ತೋರಿಸುತ್ತಿದ್ದರಂತೆ. ಆ ಮಗನೇ ನನ್ನ ಮಾವ. ಆ ತಾಯಿ ಕಟ್ಟಿದ ನುಡಿ ಇದು:

ಸಾಲ್ಯಾಗ ಉರ್ದೂವ ಕಲತು ಬಂದಾನ ಕಂದ
ಕಲ್ಲಾಗಿನ ಹಿಟ್ಟ ಹರವೇನ | ಬೆರಳೀಲೆ
ಕಲಿಸೇನ ಮನಿಯ ಅಕ್ಷರ

ನನ್ನ ಅತ್ತೆ ಬಹಳ ವರ್ಷ ಏನೂ ಕಟ್ಟದೆ ಇದ್ದು, ಕಾಲುವೆ ನೀರು ಬಂದು ಜೋಳದ ಹೊಲದಲ್ಲೆಲ್ಲ ನೆಲ್ಲು ನಿಂತಾಗ ಇದನ್ನು ಕಟ್ಟಿದರು:

ಕಾಲೂವಿ ನೀರ ಹೊಲಕ ಬಂದಾವ ತಂಗಿ
ಚಲುವ ನೆಲ್ಲನ್ನ ಉಂಡೇವ | ಜ್ವಾಳವ್ವ
ಮೂಲ್ಯಾಗ ಕುಂತು ಮುನಿಬ್ಯಾಡ

ಮುಂದಿನದು ನನ್ನದಾಗಬೇಕಿತ್ತು. ನಾನು ಬಂದ ಎರಡನೆಯ ವರ್ಷಕ್ಕೆ ಓಣಿಯ ತಿರುವಿನಲ್ಲಿ ಗಿರಣಿ ಆಯಿತು. ಕಲ್ಲು ಹಿತ್ತಲಿಗೆ ಹೋಯಿತು. ಮೇಲಿನ ಕಲ್ಲು ನೀರಿನ ತೊಟ್ಟಿಯ ತಗಡು ಹಾರದಂತೆ ಅದರ ಮೇಲೆ ಕೂತಿತು; ಕೆಳಗಿನದನ್ನು ಬೋರಲು ಹಾಕಿ ನಾನು ಬಟ್ಟೆ ಒಗೆಯತೊಡಗಿದೆ. ಶಕುಂತಲಾ ಬಂದಾಗ ಅಂಗಿ ತಿಕ್ಕುತ್ತಿದ್ದದ್ದೂ ಅದರ ಮೇಲೆಯೇ.

ಹಿಂದೆ ಅವಳು ಅತ್ತೆಯ ಹಾಡನ್ನು ಫೋನಿನಲ್ಲಿ ಹಿಡಿದಾಗ, ಅತ್ತೆ ಕಾಲುವೆಯ ನುಡಿ ಮುಗಿಸಿ ನನ್ನ ಕಡೆ ಗದ್ದ ಎತ್ತಿ "ಇನ್ನ ಇಕಿದು ಐತಿ" ಎಂದಿದ್ದರು. "ಕಟ್ಟೂನು ಬಿಡ್ರಿ" ಎಂದು ನಾನು ಹಾಲು ಇಳಿಸಲು ಒಳಗೆ ಹೋದೆ. ಅದಾದ ಆರು ತಿಂಗಳಿಗೆ ಅವರಿಗೆ ಲಕ್ವಾ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಬುದ್ಧಿ ಉಳಿದಿದೆ, ಎಡಗೈ ಉಳಿದಿದೆ. ಗಂಜಿ ಕುಡಿಸಿ ಬಾಯಿ ಒರೆಸುವಾಗ ಅವರು ನನ್ನ ಮುಖ ನೋಡುವ ರೀತಿ ನೋಡಿದರೆ, ಅಂದು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂಬಂತಿರುತ್ತದೆ.

ಪರದೇಶದ ಸುದ್ದಿ ಹೇಳಿದಾಗ ಅತ್ತೆ ಎಡಗೈ ಎತ್ತಿ ಗಾಳಿಯನ್ನು ಮುಂದಕ್ಕೆ ತಳ್ಳಿದರು. ಹೋಗು ಅಂತ. ಹತ್ತು ದಿನ ಅವರನ್ನು ನೋಡಿಕೊಳ್ಳಲು ನಾದಿನಿ ತಾನಾಗಿ ಒಪ್ಪಿದಳು. ಕೇಳದೆ ಸಿಕ್ಕ ಮೊದಲ ಪುಣ್ಯ ಅದು.

ಯಾದಗಿರಿಯಿಂದ ವಿಮಾನದವರೆಗೆ

ಶಕುಂತಲಾ ಶಹಾಪುರದಲ್ಲಿ ಬಸ್ಸು ಹತ್ತಿದಳು. ಯಾದಗಿರಿಯಲ್ಲಿ ರೈಲು ಹಿಡಿದು ಹೈದರಾಬಾದಿಗೆ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ನುಡಿ ಕೇಳಿದಳು, ನಾನು ಅವಳಿಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿದ ಒಣ ಕಟಕ ರೊಟ್ಟಿ ಕೊಟ್ಟೆ. ಬಾಯಿ ತುಂಬಿದ್ದರೆ ಕೇಳುವುದಿಲ್ಲವಲ್ಲ. ಕೊನೆಗೆ ಅವಳೇ ಸೋತು, ಶಿವ ದೊಡ್ಡವನು, ಕಲ್ಲು ಅವನ ಪೀಠ ಎಂದು ಬರುವ ಮೂರು ಸಾಲು ಹೊಂದಿಸಿ ಕೊಟ್ಟಳು. ಚೆನ್ನಾಗಿಯೇ ಇತ್ತು. ಮದುವೆಮನೆಯ ಬಾಡಿಗೆ ಪಾತ್ರೆಯಂತೆ ಹೊಳೆಯುತ್ತಿತ್ತು. ಬೇರೇನೂ ಇಲ್ಲದ್ದರಿಂದ ಬಾಯಿಪಾಠ ಮಾಡಿದೆ.

ವಿಮಾನದ ತಪಾಸಣೆಯಲ್ಲಿ ನಾನು ಬಾಗಿಲಿನಂಥ ಚೌಕಟ್ಟಿನೊಳಗೆ ಕಾಲಿಟ್ಟೊಡನೆ ಅದು ಕೂಗಿತು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇತ್ತು. ದೀಕ್ಷೆಯಾದಂದಿನಿಂದ ಅದು ಮೈಬಿಟ್ಟು ಇಳಿದದ್ದಿಲ್ಲ. ಟ್ರೇಯಲ್ಲಿ ಇಡಿ ಎಂದು ಅಲ್ಲಿದ್ದ ಹೆಣ್ಣುಮಗಳು ಹಿಂದಿಯಲ್ಲಿ ಹೇಳಿದಳು. ನಾನು ಎರಡೂ ಕೈಯಿಂದ ಎದೆ ಮುಚ್ಚಿಕೊಂಡು ನಿಂತೆ. ಹಿಂದೆ ಸಾಲು ಬೆಳೆಯಿತು. ಅವಳು ನನ್ನನ್ನು ಪರದೆಯ ಹಿಂದೆ ಕರೆದೊಯ್ದಳು. ಕರಡಿಗೆ ತೆಗೆದು ಲಿಂಗವನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ. ಅವಳು "ಅಮ್ಮಾ, ಮಾ ಇಂಟ್ಲೋ ಕೂಡಾ ಶಿವುಡೇ" ಎಂದಳು. ಅವಳ ಮನೆಯಲ್ಲೂ ಶಿವನೇ ಎಂದು ತಿಳಿಯುವಷ್ಟು ತೆಲುಗು ನನಗೆ ಗುರುಮಠಕಲ್ಲಿನ ನೆಂಟರಿಂದ ಬರುತ್ತದೆ. ಕೈಯಲ್ಲಿದ್ದ ಯಂತ್ರವನ್ನು ದೂರದಿಂದ ಆಡಿಸಿ ಬಿಟ್ಟಳು.

ನಡುವೆ ವಿಮಾನ ಬದಲಿಸುವಲ್ಲಿ ವಿಭೂತಿ ಗಟ್ಟಿಗಳು ಸಿಕ್ಕಿಬಿದ್ದವು. ಕೈಗವಸು ಹಾಕಿದ ಗಂಡಸು ಒಂದನ್ನು ಎತ್ತಿ ಮೂಸಿದ. ಶಕುಂತಲಾ ಇಂಗ್ಲಿಷಿನಲ್ಲಿ ಹೇಳಿದ್ದು ಸಾಲಲಿಲ್ಲ. ನಾನು ಒಂದು ಗಟ್ಟಿ ತಗೊಂಡು, ಬಾಟಲಿಯ ಮುಚ್ಚಳದ ನೀರಿನಲ್ಲಿ ತೇದು, ಹಣೆಗೆ ಮೂರು ಬೆರಳು ಎಳೆದು ಅವನ ಮುಂದೆ ನಿಂತೆ. ಅವನು ನನ್ನ ಹಣೆ ನೋಡಿದ, ಗಟ್ಟಿ ನೋಡಿದ, ಚೀಲ ಮುಚ್ಚಿದ.

"ಅಕ್ಕಾರ, ಅವಗೂ ಜರಾ ಹಚ್ಚಬೇಕಿತ್ತು," ಅಂದಳು ಶಕುಂತಲಾ.

ಓನಾಳ ಅಡುಗೆಮನೆ

ಊರಿನ ಹೆಸರು ಕೊನೆಯವರೆಗೂ ನನ್ನ ನಾಲಗೆಗೆ ಹತ್ತಲಿಲ್ಲ. ಸುತ್ತ ಕಾಡು, ನಡುವೆ ಹೊಲ, ಹಳದಿ ಬಣ್ಣದ ಮರದ ಮನೆಗಳು. ವಿದ್ಯುತ್ ಕಂಬದ ತುದಿಯಲ್ಲಿ ಗಾಡಿಯ ಗಾಲಿಯಷ್ಟು ದೊಡ್ಡ ಗೂಡು, ಅದರಲ್ಲಿ ಉದ್ದ ಕಾಲಿನ ಕೊಕ್ಕರೆ ಕುಟುಂಬ. ಯಾರೂ ಓಡಿಸುವುದಿಲ್ಲ, ಅದು ಬಂದರೆ ಮನೆಗೆ ಒಳ್ಳೆಯದಂತೆ.

ನಮ್ಮಿಬ್ಬರಿಗೂ ಇರಲು ಜಾಗ ಕೊಟ್ಟವಳು ಓನಾ. ಎಪ್ಪತ್ತೈದರ ಹತ್ತಿರದವಳು, ಒಂಟಿ, ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಅವಳು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಶಕುಂತಲಾ ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು. ಹಾಗಾಗಿ ನನ್ನ ನೆನಪಿನಲ್ಲಿ ಓನಾ ಶಹಾಪುರದ ಹೆಣ್ಣುಮಗಳಂತೆಯೇ ಮಾತಾಡುತ್ತಾಳೆ.

ಬಾಗಿಲಲ್ಲಿ ನಿಂತು ನಾನು ಕೈ ಮುಂದೆ ಮಾಡಿದೆ. ಪರದೇಶದವರಿಗೆ ಕೈ ಕುಲುಕಬೇಕೆಂದು ಯಜಮಾನರು ಹೇಳಿ ಕಳಿಸಿದ್ದರು. ಓನಾ ಕೈ ಹಿಂದಕ್ಕೆ ಎಳೆದುಕೊಂಡಳು. ನನ್ನ ಕುಂಕುಮ ನೋಡಿ ಅಂಜಿದಳೇನೋ ಅಂದುಕೊಂಡೆ. ಅವಳು ನನ್ನ ರಟ್ಟೆ ಹಿಡಿದು ಒಳಗೆ ಎಳೆದು, ಆಮೇಲೆ ಕೈ ಹಿಡಿದಳು.

"ಹೊಸ್ತಲ ಮ್ಯಾಲ ಕೈ ಕೊಟ್ರ ಜಗಳಾಗ್ತಾವಂತ್ರಿ," ಎಂದು ಶಕುಂತಲಾ ತಿಳಿಸಿದಳು.

"ಹೊಸ್ತಲ ಮ್ಯಾಲ ನಾವೂ ಏನೂ ಕೊಡಂಗಿಲ್ಲ ಅನ್ನು," ಅಂದೆ. ಆ ಮಾತಿನಿಂದ ನಾವಿಬ್ಬರೂ ಗೆಳತಿಯರಾದೆವು.

ಮರುದಿನ ಲಿಂಗಪೂಜೆಗೆ ಅವಳ ಹಿತ್ತಲಿನಿಂದ ಹೂ ಕೇಳಿ ತಂದೆ. ಉಳಿದ ನಾಲ್ಕನ್ನು ಪ್ರೀತಿಯಿಂದ ಅವಳಿಗೇ ಕೊಟ್ಟೆ. ಅವಳು ನಗುತ್ತ ತಗೊಂಡು, ಮೆಲ್ಲಗೆ ಒಂದನ್ನು ಬೇರೆ ಮಾಡಿ ಇನ್ನೊಂದು ಲೋಟದಲ್ಲಿ ಇಟ್ಟಳು. ಸರಿಸಂಖ್ಯೆಯ ಹೂ ಅಲ್ಲಿ ಸತ್ತವರಿಗೆ ಕೊಡುವುದಂತೆ. ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಮದುವೆಯ ಮುಯ್ಯಿ ಐವತ್ತೊಂದೋ ನೂರಾ ಒಂದೋ ಆಗಬೇಕು, ಅದೇ ಲೆಕ್ಕ ಎಂದು ಸಮಾಧಾನ ಮಾಡಿಕೊಂಡೆ.

ಊಟದಲ್ಲಿ ಕೆಂಪು ಗೆಡ್ಡೆಯ ತಣ್ಣನೆಯ ಸಾರು ಕೊಟ್ಟಳು. ಹೋಳಿಯ ಬಣ್ಣ ಕಲಸಿದಂತೆ ಗುಲಾಬಿ. ಕಣ್ಣು ಮುಚ್ಚಿಕೊಂಡು ಉಂಡರೆ ಮಜ್ಜಿಗೆಯ ರುಚಿಯೇ. ಕಪ್ಪು ರೊಟ್ಟಿಯ ಒಂದು ತುಂಡು ನನ್ನ ಕೈಜಾರಿ ನೆಲಕ್ಕೆ ಬಿತ್ತು. ಓನಾ ಬಗ್ಗಿ ಎತ್ತಿ, ಅದಕ್ಕೆ ಮುತ್ತು ಕೊಟ್ಟು ತಟ್ಟೆಗೆ ಇಟ್ಟಳು. ಜೋಳದ ಕಾಳು ಕಾಲಿಗೆ ತಾಕಿದರೆ ನಾವು ಎತ್ತಿ ಕಣ್ಣಿಗೆ ಒತ್ತಿಕೊಳ್ಳುವುದು ನೆನಪಾಯಿತು. ಅವರದು ರೈ ಎಂಬ ಧಾನ್ಯ, ಬಡ ನೆಲದಲ್ಲೂ ಬೆಳೆಯುವಂಥದು. ಹಸಿದು ಬಾಳಿದ ನಾಡುಗಳಲ್ಲೆಲ್ಲ ಕಾಳು ದೇವರಾಗುತ್ತದೆ ಅನಿಸಿತು.

ನಮ್ಮ ಕಟಕ ರೊಟ್ಟಿ ಅವಳಿಗೆ ಹಿಡಿಸಿತು. "ಇದು ಎಷ್ಟು ದಿನ ಇರ್ತೈತಿ?" ಎಂದು ಕೇಳಿದಳು. ತಿಂಗಳು ಅಂದೆ. "ಹಂಗಾರ ಇದು ಜಾತ್ರಿಗೆ ನಡಕೋತ ಹೋಗೋರ ರೊಟ್ಟಿ," ಅಂದಳು. ರೊಟ್ಟಿ ನೋಡಿ ತಿನ್ನುವವರ ಬದುಕು ಹೇಳಿಬಿಟ್ಟಳಲ್ಲ ಎಂದು ನಾನು ಬೆರಗಾದೆ.

ಗಲ್ಲಕ್ಕೆ ಕೈ ಹಚ್ಚಿದ ದೇವರು

ಕೂಟ ನಡೆಯುವ ಜಾಗಕ್ಕೆ ನಡೆದು ಹೋಗುವ ದಾರಿಯಲ್ಲಿ ಒಂದು ಮರದ ಕಂಬ, ಕಂಬದ ಮೇಲೆ ಪುಟ್ಟ ಛಾವಣಿ, ಅದರಡಿ ಮರದಲ್ಲಿ ಕೆತ್ತಿದ ಯೇಸು. ಶಿಲುಬೆಯ ಮೇಲಿರಲಿಲ್ಲ. ಕಲ್ಲಿನ ಮೇಲೆ ಕೂತು, ಗಲ್ಲಕ್ಕೆ ಕೈ ಹಚ್ಚಿಕೊಂಡು ಯೋಚನೆ ಮಾಡುತ್ತಿದ್ದ.

ನಾನು ಹಾಗೆ ಕೂತರೆ ಅತ್ತೆ ಬೈಯುತ್ತಿದ್ದರು: "ಗಲ್ಲಕ್ಕ ಕೈ ಹಚ್ಚಬ್ಯಾಡ, ಮನಿಗಿ ಚಲೋ ಅಲ್ಲ." ಇಲ್ಲಿ ದೇವರೇ ಹಾಗೆ ಕೂತಿದ್ದ.

"ನಿಮ್ಮ ದೇವರಿಗಿ ಏನು ಫಿಕರು?" ಎಂದು ಕೇಳಿಸಿದೆ.

ಓನಾ ನಕ್ಕಳು. ಕೆತ್ತಿದವರು ಹಳ್ಳಿಯ ರೈತರಂತೆ. ದಿನವಿಡೀ ಬೇರೆಯವರ ಹೊಲ ಉತ್ತು ಬಂದು ಸಂಜೆ ಕಲ್ಲಿನ ಮೇಲೆ ಕೂತರೆ ಅವರು ಕೂರುತ್ತಿದ್ದದ್ದೇ ಹಾಗೆ. ದೇವರನ್ನೂ ಹಾಗೆಯೇ ಕೂರಿಸಿದರು.

"ಇವ ನಮ್ಮ ಕಡೆಯವ ಅನ್ನಿಸ್ತೈತಿ," ಅಂದಳು.

ನಾನು ಲಿಂಗಕ್ಕೆ ಕೈ ಮುಟ್ಟಿಸಿ ಅವನಿಗೂ ಕೈ ಮುಗಿದೆ. ಅಂಗೈಯಲ್ಲಿ ಹಿಡಿಯುವಷ್ಟು ದೇವರು ಸಾಕು ಎಂದವರು ನಮ್ಮವರು. ಗುಡಿಯ ಬಾಗಿಲು ಎಲ್ಲರಿಗೂ ತೆರೆಯದ ಕಾಲದಲ್ಲಿ ದೇವರನ್ನೇ ಮೈಮೇಲೆ ತಂದುಕೊಂಡರು. ಇವರು ತಮ್ಮ ದಣಿವನ್ನು ದೇವರಿಗೆ ಕೊಟ್ಟರು. ತಪ್ಪೇನು ಅನಿಸಲಿಲ್ಲ.

ಮುಂದೆ ನಡೆಯುತ್ತ ಓನಾ ತನ್ನ ಅಜ್ಜಿಯ ಕಥೆ ಹೇಳಿದಳು. ಆಗ ರಶಿಯಾದ ಚಕ್ರವರ್ತಿಯ ಆಳ್ವಿಕೆ. ಇವರ ಭಾಷೆಯನ್ನು ಇವರ ಲಿಪಿಯಲ್ಲಿ ಅಚ್ಚು ಹಾಕುವಂತಿರಲಿಲ್ಲ. ಪ್ರಾರ್ಥನೆಯ ಪುಸ್ತಕ ಕೂಡ ಗಡಿಯಾಚೆ ಅಚ್ಚಾಗಿ, ಹುಲ್ಲಿನ ಗಾಡಿಯಲ್ಲಿ ಅಡಗಿ ಬರಬೇಕು. ಶಾಲೆಯಲ್ಲಿ ರಶಿಯನ್. ಹಾಗಾಗಿ ಅಜ್ಜಿಯ ತಾಯಿ ರಾಟೆಯ ಮುಂದೆ ನೂಲು ತೆಗೆಯುತ್ತ, ಮಗಳನ್ನು ಕಾಲ ಬಳಿ ಕೂರಿಸಿಕೊಂಡು ಪುಸ್ತಕ ಹಿಡಿಸುವಳು. ಕೈ ನೂಲಿನ ಮೇಲೆ, ಕಿವಿ ಮಗುವಿನ ಓದಿನ ಮೇಲೆ. ತಪ್ಪಾದರೆ ರಾಟೆ ನಿಲ್ಲುತ್ತಿತ್ತು. ಹಾಗೆ ಓದು ಕಲಿತವಳು ಓನಾಳ ಅಜ್ಜಿ.

ನನ್ನ ಕಾಲು ದಾರಿಯಲ್ಲೇ ನಿಂತಿತು. "ಶಕುಂತಲಾ, ಹಿಟ್ಟಿನ ಮಾತು ಹೇಳು," ಅಂದೆ. ಅವಳು ಉರ್ದುಶಾಲೆಯ ನುಡಿ ಹೇಳಿದಳು. ಓನಾ ಎರಡು ಸಲ ಹೇಳಿಸಿದಳು. ಆಮೇಲೆ ದಾರಿಯ ಧೂಳಿನಲ್ಲಿ ಬಗ್ಗಿ, ಬೆರಳಿನಿಂದ ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ದುಂಡಗೆ ಒಂದು ಸೊನ್ನೆ. ಪಕ್ಕದಲ್ಲಿ ನಾನು ಶರಣಮ್ಮ ಎಂಬ ನನ್ನ ಹೆಸರಿನ 'ಶ' ಬರೆದೆ.

ಕಲ್ಲುಗಳ ಮನೆ

ಹಳೆಯ ಕಾಲದ ರೈತರ ಮನೆಗಳನ್ನು ಕಿತ್ತು ತಂದು ಒಂದೇ ಬಯಲಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕೂಟ ಅಲ್ಲೇ. ಒಂದು ಮನೆಯ ಒಳಗೆ ಬೀಸುಕಲ್ಲು ಇತ್ತು. ನಮ್ಮದರಂತೆ ನೆಲದ ಮೇಲಿರಲಿಲ್ಲ. ಮರದ ಕಾಲುಗಳ ಮೇಲೆ, ಸೊಂಟದ ಎತ್ತರಕ್ಕೆ. ಗೂಟದ ಬದಲು ತೊಲೆಯಿಂದ ಇಳಿದ ಉದ್ದನೆಯ ಕೋಲು. ನಿಂತೇ ಬೀಸಬೇಕು.

ಈ ಕಲ್ಲಿನ ಹಾಡುಗಳೂ ಸೊಸೆಯಂದಿರವೇ ಎಂದು ಓನಾ ಹೇಳಿದಳು. ಎಲ್ಲರಿಗಿಂತ ಮೊದಲು ಎದ್ದವಳು, ಒಬ್ಬಳೇ ಕಲ್ಲಿನ ಮುಂದೆ ನಿಂತವಳು, ತವರು ನೆನೆದು ಹಾಡುವಳು. ಕಲ್ಲಿನ ಸದ್ದಿನಲ್ಲಿ ಅತ್ತೆಗೆ ಮಾತು ತಿಳಿಯುವುದಿಲ್ಲವೆಂಬ ಧೈರ್ಯ.

"ನಮ್ಮಲ್ಲಿ ಅತ್ತಿ ಎದುರಿಗೇ ಕುಂತಿರ್ತಾಳ. ಬೈಯ್ಯೂದಿದ್ರ ದೇವರ ಹೆಸರಿಲೇ ಬೈಬೇಕು," ಅಂದೆ. ಅಲ್ಲಿದ್ದವರೆಲ್ಲ ನಕ್ಕರು.

ಫೋಟೋ ತೆಗೆಯುವವರು ನನಗೆ ಕೋಲು ಹಿಡಿದು ತಿರುಗಿಸಲು ಹೇಳಿದರು. ಹಿಡಿದೆ. ಕಲ್ಲಿನ ಕಣ್ಣಿನೊಳಗೆ ನೋಡಿದರೆ ಒಂದು ಕಾಳಿಲ್ಲ. ಕೈ ಬಿಟ್ಟೆ.

"ಯಾಕ್ರಿ?" ಅಂದಳು ಶಕುಂತಲಾ.

"ಬರಿಗಲ್ಲು ಬೀಸಂಗಿಲ್ಲ. ಮನಿ ಬರಿದಾಗ್ತೈತಿ."

ಇದು ಬರೀ ತೋರಿಸುವ ಕಲ್ಲು, ಇಲ್ಲಿ ಯಾರ ಮನೆಯೂ ಇಲ್ಲ ಎಂದು ಅವರು ತಿಳಿಹೇಳಿದರು. ನಾನು ಒಪ್ಪಲಿಲ್ಲ. ಕಲ್ಲಿಗೆ ಅದು ಗೊತ್ತೇ? ಓನಾ ಎಲ್ಲಿಗೋ ಹೋಗಿ ಏಪ್ರನ್ನಿನಲ್ಲಿ ಎರಡು ಹಿಡಿ ರೈ ತಂದು ಹಾಕಿದಳು. ಅವಳ ತಾಯಿಯೂ ಬರಿಗಲ್ಲು ಬೀಸಲು ಬಿಡುತ್ತಿರಲಿಲ್ಲವಂತೆ. ಆಮೇಲೆ ಬೀಸಿದೆ. ಬೂದು ಹಿಟ್ಟು, ಅಂಟಂಟು. ಆದರೂ ಬೀಸಿದ ಹಿಟ್ಟಿನ ಬಿಸಿ ಬೆರಳಿಗೆ ತಾಕಿದಾಗ ಇಷ್ಟು ವರ್ಷದ ಹಿಂದಿನ ನಮ್ಮ ಪಡಸಾಲೆ ಕಣ್ಣೆದುರು ಬಂತು.

ಆಗ ಓನಾ ಸಹಜವಾಗಿ ಕೇಳಿದಳು: "ನಿಮ್ಮ ಕಲ್ಲು ಈಗ ಎಲ್ಲೈತಿ?"

"ದೇವರ ಮನಿ ಬಗಲಾಗ ಇಟ್ಟೀವ್ರಿ," ಅಂದೆ.

ಬಾಯಿಂದ ಹೇಗೆ ಬಂತೋ. ಕಲ್ಲಿನ ಮೇಲೆ ಸಾಬೂನಿನ ನೊರೆ ಕಣ್ಣಾರೆ ಕಂಡಿದ್ದ ಶಕುಂತಲಾ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಹೇಳಿದ್ದನ್ನು ಹೇಳಿದಂತೆಯೇ ಇಂಗ್ಲಿಷಿಗೆ ಮಾಡಿದಳು. ಓನಾ ತಲೆಬಾಗಿ ಗೌರವ ತೋರಿಸಿದಳು. ನನಗೆ ಆ ಗೌರವ ಮುಳ್ಳಿನಂತೆ ಚುಚ್ಚಿತು.

ಹಾಡಿನ ದಿನ

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕೂತೆ. ದಿನಾ ಹತ್ತು ನಿಮಿಷಕ್ಕೆ ನೆಲೆ ನಿಲ್ಲುವ ಮನಸ್ಸು ಅಂದು ನಿಲ್ಲಲಿಲ್ಲ. ಲಿಂಗ ಇರುವುದು ಕಣ್ಣಿನ ನೇರಕ್ಕೆ, ಗೇಣು ದೂರದಲ್ಲಿ. ಗುಡಿಯಲ್ಲಾದರೆ ಕಂಬದ ಹಿಂದೆ ನಿಲ್ಲಬಹುದು. ಇಲ್ಲಿ ಮರೆಯೇ ಇಲ್ಲ. ಸಾವಿರಾರು ಮೈಲಿ ಬಂದು, ಅನ್ನ ಹಾಕಿದವಳಿಗೆ ಸುಳ್ಳು ಹೇಳಿದೆಯಲ್ಲ ಶರಣಮ್ಮ ಎಂದು ನನ್ನನ್ನು ನಾನೇ ಕೇಳಿಕೊಂಡೆ.

ಮಧ್ಯಾಹ್ನ ನನ್ನ ಸರದಿ. ಬಯಲಲ್ಲಿ ಬೆಂಚು ಹಾಕಿದ್ದರು, ನೂರಾರು ಜನ. ಕಲ್ಲನ್ನು ಅಂಗಳಕ್ಕೆ ತಂದು ತೊಲೆಯ ಬದಲು ಒಂದು ಚೌಕಟ್ಟು ಕಟ್ಟಿದ್ದರು. ಕೋಲು ಹಿಡಿಯಲು ಓನಾ ನನ್ನ ಜೊತೆ ನಿಂತಳು. ಒಂದೇ ಕೋಲಿನ ಮೇಲೆ ನಾಲ್ಕು ಕೈ. ಕಾಳು ಸುರಿದು ಬೀಸತೊಡಗಿದೆವು.

ಮೊದಲು ಹಾಡೇ ಬರಲಿಲ್ಲ. ನಿಂತ ಕಾಲಿಗೆ ಕೂತು ಕಲಿತ ಹಾಡು ಹೇಗೆ ಬಂದೀತು? ಕಲ್ಲು ಎರಡು, ಮೂರು, ನಾಲ್ಕು ಸುತ್ತು ಬಂತು. ಶಕುಂತಲಾಳ ಮುಖ ಬಿಳಿಚಿತು. ಓನಾ ಕಲ್ಲಿನ ವೇಗ ಇಳಿಸಿದಳು. ಆ ನಿಧಾನದಲ್ಲಿ ನನ್ನ ಅತ್ತೆಯ ಕೈ ಸಿಕ್ಕಿತು. ಅವರು ಹಾಗೆಯೇ ಬೀಸುತ್ತಿದ್ದರು, ಅರ್ಧ ಸುತ್ತಿಗೆ ಎಳೆದು ಅರ್ಧ ಸುತ್ತಿಗೆ ಬಿಟ್ಟು. ಶಿವನ ನೆನೆದು ಎತ್ತಿದೆ. ಒಂದು ನುಡಿ ಹಿಂದೆ ಇನ್ನೊಂದು ಬಂತು. ಬರಗಾಲದ ನುಡಿ ಬಂತು, ಹೊಳೆಯ ನುಡಿ ಬಂತು, ಉರ್ದುಶಾಲೆಯದು ಬಂತು. ಕಾಲುವೆಯದೂ ಮುಗಿಯಿತು.

ಮುಂದೆ ಬಾಯಿಪಾಠ ಮಾಡಿದ ಹೊಳೆಯುವ ಮೂರು ಸಾಲು ಸಿದ್ಧವಿದ್ದವು. ನಾಲಗೆಯ ತುದಿಗೂ ಬಂದವು. ಪಕ್ಕದಲ್ಲಿ ಓನಾಳ ಕೈ ನನ್ನ ಕೈಗೆ ತಾಗುತ್ತಿತ್ತು. ಆ ಕೈ ಜೊತೆ ಬೀಸುತ್ತ ಆ ಸಾಲು ಹಾಡಲು ಆಗಲಿಲ್ಲ. ಕಲ್ಲು ಸುಮ್ಮನೆ ಎರಡು ಸುತ್ತು ಬಂತು. ಮೂರನೆಯ ಸುತ್ತಿಗೆ ನನ್ನ ಬಾಯಿಂದ ಬಂದದ್ದು ಇದು:

ಹಾಡೀದ ಕಲ್ಲೀನ ಹಿತ್ತಲಕ ನೂಕೀನಿ
ನೋಡದ ಅರಿವಿ ಒಗದೇನ | ತಾಯವ್ವ
ನಾಡ ದಾಟಿ ನಿನ್ನ ನೆನದೇನ

ಎರಡನೆಯ ಸಲವೂ ಹಾಡಿ ಮುಗಿಸಿದೆ. ಜನ ಚಪ್ಪಾಳೆ ತಟ್ಟಿದರು, ಅವರಿಗೇನು ಗೊತ್ತು. ಶಕುಂತಲಾ ಧ್ವನಿವರ್ಧಕದ ಮುಂದೆ ಅರ್ಥ ಹೇಳಬೇಕಿತ್ತು. ಅವಳು ನನ್ನ ಕಡೆ ನೋಡಿದಳು.

"ಇದ್ದದ್ದ ಇದ್ದಂಗ ಹೇಳು," ಅಂದೆ.

ಹೇಳಿದಳು. ಓನಾ ಕೋಲು ಬಿಟ್ಟಳು. ನಾನು ತಲೆ ತಗ್ಗಿಸಿ ನಿಂತೆ. ಅವಳು ಬಹಳ ಹೊತ್ತು ತನ್ನ ಮಾತಿನಲ್ಲಿ ಏನೋ ಹೇಳಿ, ಆಮೇಲೆ ಶಕುಂತಲಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಶಕುಂತಲಾ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು.

"ಏನಂತಾಳ?"

"ಅವರವ್ವನ ಕಲ್ಲು ನಲವತ್ತು ವರ್ಷಾತು, ಎಲಿಕೋಸು ಹುಳಿ ಹಾಕೋ ಪೀಪಾಯಿ ಮ್ಯಾಲ ಭಾರಕ್ಕ ಕುಂತೈತಂತ್ರಿ. ನೀವು ದೇವರ ಮನಿ ಅಂದಾಗ ಆಕಿಗಿ ನಾಚಿಕಿ ಬಂದು ಬಾಯಿ ಮುಚ್ಕೊಂಡು ಸುಮ್ಮನಾದ್ಳಂತ."

ಓನಾ ನನ್ನನ್ನು ಅಪ್ಪಿಕೊಂಡಳು. ರೈ ಹಿಟ್ಟು ನನ್ನ ಇಳಕಲ್ ಸೀರೆಯ ಮೇಲೆಲ್ಲ ಹತ್ತಿತು. ದೂರದ ನಾಡಿನಲ್ಲಿ ಒಬ್ಬಳಾದರೂ ನನ್ನಂಥ ಪಾಪಿ ಸಿಕ್ಕಳಲ್ಲ ಎಂದು ಶಿವನಿಗೆ ಶರಣು ಅಂದೆ.

ಸಂಜೆ ಹಾಡನ್ನು ಪೂರ್ತಿ ಹಿಡಿದಿಟ್ಟುಕೊಳ್ಳುವಾಗ, ಕೊನೆಯ ಮಂಗಳದ ಸಾಲು ಹಾಡಿ ಎಂದು ಕೂಟದವರು ಕೇಳಿದರು. ಇಲ್ಲ ಅಂದೆ. ಮಂಗಳ ಹಾಡಿದರೆ ಹಾಡು ಮುಚ್ಚುತ್ತದೆ. ಮಗನ ಮದುವೆ ಇನ್ನೂ ಆಗಬೇಕು. ಬರುವವಳು ಮಿಕ್ಸರಿನ ಮೇಲೆ ನುಡಿ ಕಟ್ಟಿದರೂ ನನ್ನ ಒಪ್ಪಿಗೆ ಇದೆ.

ರಂಗಂಪೇಟೆ, ಮತ್ತೆ

ಮನೆ ತಲುಪಿದಾಗ ಹೊತ್ತು ಏರಿತ್ತು. ನಾದಿನಿ ಅತ್ತೆಯನ್ನು ಎಬ್ಬಿಸಿ, ಗೋಡೆಗೆ ದಿಂಬು ಕೊಟ್ಟು ಕೂರಿಸಿದ್ದಳು. ಚೀಲ ಬಾಗಿಲಲ್ಲೇ ಇಟ್ಟು ಕೈಕಾಲು ತೊಳೆದು ಅವರ ಮುಂದೆ ಕೂತೆ. ಅವರು ಬೇರೇನೂ ಕೇಳುವವರಲ್ಲ. ಮುಖ ನೋಡಿದರು.

ಹಾಡಿದೆ. ಕಲ್ಲಿರಲಿಲ್ಲ, ತೊಡೆಯ ಮೇಲೆ ಕೈ ತಿರುಗಿಸುತ್ತ ಹಾಡಿದೆ. ನನ್ನ ನುಡಿ ಬಂದಾಗ ಧ್ವನಿ ಸಣ್ಣದಾಯಿತು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಕೆಮ್ಮಿ ಅತ್ತ ತಿರುಗಿದರು. ಕಲ್ಲು ಹಿತ್ತಲಿಗೆ ಹೊತ್ತು ಹಾಕಿದವರು ಅವರೇ.

ಅತ್ತೆಯ ಬಾಯಿ ಒಂದು ಕಡೆಗಷ್ಟೇ ನಗುತ್ತದೆ. ಆ ಕಡೆ ನಕ್ಕಿತು. ಎಡಗೈ ಎತ್ತಿ ಹಿತ್ತಲು ತೋರಿಸಿದರು. ಅವರಿಗೆ ಎಲ್ಲ ಗೊತ್ತಿತ್ತು. ಇಷ್ಟು ವರ್ಷ ಅದೇ ಕಲ್ಲಿನ ಪಕ್ಕದಲ್ಲಿ ಅವರು ದಿನಾ ಮುಖ ತೊಳೆದಿದ್ದಾರೆ. ಒಂದು ದಿನವೂ ಅಂದವರಲ್ಲ.

"ಈಗನ ಏನವ್ವಾ?" ಎಂದು ಯಜಮಾನರು ಕೇಳಿದರು.

ಅತ್ತೆ ಇನ್ನೊಮ್ಮೆ ತೋರಿಸಿದರು.

ಪಕ್ಕದ ಮನೆಯವರನ್ನು ಕರೆದು ಎರಡೂ ಕಲ್ಲು ಒಳಗೆ ತಂದರು. ನಾನು ನಾಲ್ಕು ಕೊಡ ನೀರು ಹಾಕಿ ತೊಳೆದೆ. ಆದರೂ ಮೊದಲ ಹಿಡಿ ಜೋಳ ಬೀಸಿದಾಗ ಹಿಟ್ಟು ಸಾಬೂನಿನ ವಾಸನೆ ಹೊಡೆಯಿತು. ಅದನ್ನು ಬಳಿದು ಹೊರಗೆ ಚೆಲ್ಲಿದೆ. ಎರಡನೆಯ ಹಿಡಿ ಪರವಾಗಿಲ್ಲ ಅನಿಸಿತು. ಅತ್ತೆಯನ್ನು ಎತ್ತಿ ತಂದು ಎದುರಿಗೆ ಕೂರಿಸಿದೆವು. ಅವರು ಎಡಗೈಯನ್ನು ಗೂಟದ ಮೇಲಿದ್ದ ನನ್ನ ಕೈಮೇಲೆ ಇಟ್ಟರು. ಮೂರು ಸುತ್ತು ಬಂದೆವು, ಅರ್ಧಕ್ಕೆ ಎಳೆದು, ಅರ್ಧಕ್ಕೆ ಬಿಟ್ಟು. ನಾಲ್ಕನೆಯದಕ್ಕೆ ಅವರ ಕೈ ಸೋತಿತು. ಬೆರಳಿಗೆ ಹತ್ತಿದ ಹಿಟ್ಟನ್ನು ನಾಲಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು.

ಅವರು ಮಲಗಿದ ಮೇಲೆ ಚೀಲ ಬಿಚ್ಚಿದೆ.

ಹತ್ತು ದಿನದ ಬಟ್ಟೆ, ರೈ ಹಿಟ್ಟು ಹತ್ತಿದ ಸೀರೆ, ಅದರ ಮೇಲೆ ನಾನಿಲ್ಲದಾಗ ಕೂಡಿದ ಯಜಮಾನರ ಅಂಗಿಗಳು. ಎಲ್ಲ ಬುಟ್ಟಿಗೆ ತುಂಬಿ ಹಿತ್ತಲಿಗೆ ಹೋದೆ. ಕಲ್ಲಿದ್ದ ಜಾಗದಲ್ಲಿ ದುಂಡನೆಯ ಹಸಿ ಗುರುತು ಮಾತ್ರ ಇತ್ತು. ಮೋರಿಯ ಪಕ್ಕದ ಹಾಸುಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಮೊದಲ ಅಂಗಿಯ ಕೊರಳಪಟ್ಟಿಗೆ ಸಾಬೂನು ಹಚ್ಚಿದೆ.